ಸ್ತ್ರೀ ಜನನಾಂಗಗಳ ಆರೋಗ್ಯ: ಮುಂಬಯಿ ನಗರದ ಒಂದು ಅನುಭವ

ಶರೀರದ ಹೊರಭಾಗದಲ್ಲಿ ಗಾಯವಾದರೆ, ಬಾವು ಬಂದರೆ ಅಥವಾ ಚರ್ಮದ ಬಣ್ಣ ಬದಲಾದರೆ ಅದು ಕೂಡಲೇ ನಮ್ಮ ಕಣ್ಣಿಗೆ ಬೀಳುತ್ತದೆ. ಹಲ್ಲು ಹುಳುಕಾದರೆ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇವೆ. ಆದರೆ ಹೆಣ್ಣಿನ ಜನನಾಂಗಗಳಲ್ಲಿ ಬಹುಭಾಗ ಕಿಬ್ಬೊಟ್ಟೆಯ ಎಲುಬುಗಳ ನಡುವೆ ಅಡಗಿರುವುದರಿಂದ ಆಕೆ ಅವುಗಳನ್ನು ಜೀವಮಾನದಲ್ಲಿ ಒಮ್ಮೆಯೂ ನೋಡಿರುವುದಿಲ್ಲ. ನೋವು ಕಾಣಿಸಿಕೊಂಡಾಗ ವೈದ್ಯರ ಬಳಿಗೆ ಹೋಗುವುದೇ ನಮ್ಮಲ್ಲಿ ರೂಢಿಯಾಗಿದೆ. ಬಹುಪಾಲು ಕಾಯಿಲೆಗಳಲ್ಲಿ ಈ ರೂಢಿಯಿಂದ ದೊಡ್ಡ ಹಾನಿಯೇನೂ ಆಗದು. ಆದರೆ ಈ ಅಂಗಗಳಿಗೆ ಬರುವ ಅತ್ಯಂತ ಮಾರಕ ರೋಗಗಳಲ್ಲೊಂದಾದ ಗರ್ಭಕಂಠದ ಕ್ಯಾನ್ಸರಿನಲ್ಲಿ ಹೀಗೆ ನೋವಿಗಾಗಿ ಕಾಯುವುದು ಪ್ರಾಣಕ್ಕೇ ಎರವಾಗುತ್ತದೆ. ಈ ರೋಗಕ್ಕೆ ಪೂರ್ವಭಾವಿಯಾದ ಬದಲಾವಣೆಗಳು ಹತ್ತು ಹದಿನೈದು ವರ್ಷಗಳ ಕಾಲ ಯಾವ ನೋವನ್ನೂ ಕೊಡದೆ ಒಳಗೊಳಗೇ ಮುಂದುವರಿಯುತ್ತವೆ. ನೋವು ಆರಂಭವಾಗುವ ಹೊತ್ತಿಗೆ ರೋಗವು ಅಕ್ಕಪಕ್ಕದ ಅಂಗಗಳನ್ನು ವ್ಯಾಪಿಸಿರುವುದೇ ಹೆಚ್ಚು.

ಭಾರತದಲ್ಲಿ ಪ್ರತಿ ವರ್ಷ ಸುಮಾರು 1.25 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಳ್ಳುತ್ತಿದೆಯೆಂದೂ ಸುಮಾರು 80 ಸಾವಿರ ಮಂದಿ ಇದರಿಂದ ಮರಣ ಹೊಂದುತ್ತಿರುವರೆಂದೂ 2022ನೆಯ ಇಸವಿಯ ಅಂತರರಾಷ್ಟ್ರೀಯ ಅಂದಾಜು ತಿಳಿಸುತ್ತದೆ. ಇಷ್ಟು ಸಾವುಗಳನ್ನು ತಡೆಯಲು ದುಬಾರಿ ಯಂತ್ರಗಳೇ ಬೇಕೆಂಬ ನಂಬಿಕೆ ಬಹುಕಾಲ ಇತ್ತು. ಆ ನಂಬಿಕೆಯನ್ನು ಅಲುಗಿಸಿದ್ದು ಮುಂಬಯಿಯ ಕೊಳೆಗೇರಿಗಳಲ್ಲಿ ನಡೆದ ಒಂದು ದೀರ್ಘ ಪ್ರಯೋಗ. ಅದನ್ನು ವಿವರಿಸುವುದಕ್ಕೆ ಮುನ್ನ ಈ ಅಂಗಗಳ ರಚನೆಯನ್ನೂ ಕಾರ್ಯವನ್ನೂ ತಿಳಿದುಕೊಳ್ಳುವುದು ಅಗತ್ಯ.

ಅಂಗಗಳ ರಚನೆ

ಕಿಬ್ಬೊಟ್ಟೆಯಲ್ಲಿ ಮುಂಭಾಗಕ್ಕೆ ಮೂತ್ರಕೋಶ, ಹಿಂಭಾಗಕ್ಕೆ ಗುದನಾಳ, ಇವೆರಡರ ನಡುವೆ ಗರ್ಭಕೋಶ ಇರುತ್ತವೆ. ಗರ್ಭಕೋಶವು ತಲೆಕೆಳಗಾಗಿ ಹಿಡಿದ ಸೀಬೆಕಾಯಿಯ ಆಕಾರದ್ದು. ಸುಮಾರು ಏಳೂವರೆ ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲವುಳ್ಳದ್ದು. ಇಷ್ಟು ಚಿಕ್ಕ ಅಂಗವು ಮೂರು ಕಿಲೋ ತೂಕದ ಶಿಶುವನ್ನು ಹೊರುವಷ್ಟು ಹಿಗ್ಗಿ, ಹೆರಿಗೆಯ ತರುವಾಯ ಆರು ವಾರಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಮರಳುವುದು ಶರೀರದ ಅದ್ಭುತಗಳಲ್ಲಿ ಒಂದೆನ್ನಬೇಕು. ಇದರ ಮೇಲ್ಭಾಗದ ಎರಡು ಮೂಲೆಗಳಿಂದ ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಎರಡು ಅಂಡನಾಳಗಳು ಹೊರಡುತ್ತವೆ. ಅವುಗಳ ತುದಿಯ ಸಮೀಪದಲ್ಲಿ ಬಾದಾಮಿ ಬೀಜವನ್ನು ಹೋಲುವ ಎರಡು ಅಂಡಾಶಯಗಳಿವೆ.

ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗವೇ ಗರ್ಭಕಂಠ. ಅದು ಯೋನಿಮಾರ್ಗದ ಒಳತುದಿಯಲ್ಲಿ ಚಾಚಿಕೊಂಡಿರುತ್ತದೆ. ಅದರ ನಡುವೆ ಇರುವ ಸಣ್ಣ ರಂಧ್ರದಿಂದ ಮುಟ್ಟಿನ ರಕ್ತ ಹೊರಬರುತ್ತದೆ; ಹೆರಿಗೆಯ ಕಾಲದಲ್ಲಿ ಇದೇ ರಂಧ್ರ ಶಿಶುವಿನ ತಲೆ ಹೊರಬರುವಷ್ಟು ಅಗಲವಾಗುತ್ತದೆ.

ಇಲ್ಲಿ ಭಾಷೆಗೆ ಸಂಬಂಧಿಸಿದ ಒಂದು ಮಾತನ್ನು ಹೇಳುವುದು ಅಪ್ರಸ್ತುತವಾಗಲಾರದು. ಗರ್ಭಕಂಠ, ಅಂಡನಾಳ, ಋತುಸ್ರಾವ ಮೊದಲಾದ ಶಬ್ದಗಳು ಪುಸ್ತಕಗಳಲ್ಲಿ ಚಲಾವಣೆಯಲ್ಲಿವೆಯೇ ಹೊರತು ಮನೆಗಳಲ್ಲಿ ಅಲ್ಲ. ಮನೆಯ ಮಾತಿನಲ್ಲಿ ಗರ್ಭಚೀಲವೆನ್ನುತ್ತಾರೆ, ಅದರ ಬಾಯಿ ಎನ್ನುತ್ತಾರೆ. ಮುಟ್ಟು, ತಿಂಗಳು, ಹೊರಗಾಗುವುದು ಎನ್ನುತ್ತಾರೆ. ಮುಂಬಯಿಗೆ ಬಂದು ನೆಲೆಸಿದ ಕನ್ನಡ ಗೃಹಿಣಿಗೆ ಇನ್ನೂ ಒಂದು ತೊಡಕು ಎದುರಾಗುತ್ತದೆ. ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ ಹೋಟೆಲು ವ್ಯವಹಾರಕ್ಕಾಗಿ ಬಂದ ಕುಟುಂಬಗಳಿರಲಿ, ಕಲಬುರಗಿ, ವಿಜಯಪುರ, ರಾಯಚೂರುಗಳ ಕಡೆಯಿಂದ ಕಟ್ಟಡದ ಕೂಲಿಗಾಗಿ ಬಂದವರಿರಲಿ, ಆಸ್ಪತ್ರೆಯಲ್ಲಿ ಮರಾಠಿ ಅಥವಾ ಹಿಂದಿಯಲ್ಲಿಯೇ ತಮ್ಮ ಕಷ್ಟವನ್ನು ಹೇಳಿಕೊಳ್ಳಬೇಕಾಗುತ್ತದೆ. ತಾಯ್ನುಡಿಯಲ್ಲಿಯೇ ಹೇಳಲು ನಾಚುವ ವಿಷಯವನ್ನು ಪರಭಾಷೆಯಲ್ಲಿ ಹೇಳುವುದೆಂತು? ಹೊಟ್ಟೆನೋವು ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿ, ಹೊಟ್ಟೆಯ ಮಾತ್ರೆ ಪಡೆದು ಹಿಂದಿರುಗುವವರು ವಿರಳವಲ್ಲ. ಮುಟ್ಟಿಗೆ ಮರಾಠಿಯಲ್ಲಿ ಪಾಳಿ ಎಂದೂ, ಗರ್ಭಕೋಶಕ್ಕೆ ಪಿಶವಿ ಎಂದೂ, ಬಿಳಿಸೆರಗಿಗೆ ಪಾಂಢರೆ ಜಾಣೆ ಎಂದೂ ಹೇಳುವರು. ಈ ಮೂರು ಮಾತುಗಳನ್ನು ತಿಳಿದಿದ್ದರೆ ವೈದ್ಯರೆದುರು ಅರ್ಧ ಕೆಲಸವಾದಂತೆಯೇ ಸರಿ.

ಋತುಚಕ್ರ

ಹೆಣ್ಣು ಶಿಶು ಹುಟ್ಟುವಾಗಲೇ ಅವಳ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳ ಮೂಲಕೋಶಗಳು ಇರುತ್ತವೆ. ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷ ಮಾತ್ರ ಉಳಿದಿರುತ್ತವೆ. ಅವುಗಳ ಪೈಕಿ ಇಡೀ ಜೀವಮಾನದಲ್ಲಿ ಪಕ್ವವಾಗಿ ಹೊರಬರುವವು ಸುಮಾರು ನಾನೂರು. ಪ್ರತಿ ತಿಂಗಳೂ ಒಂದು ಅಂಡಾಣು ಬಲಿಯುತ್ತಿರುವಾಗ ಗರ್ಭಕೋಶದ ಒಳಪದರವು ಹಾರ್ಮೋನುಗಳ ಪ್ರಭಾವದಿಂದ ದಪ್ಪವಾಗಿ, ಭ್ರೂಣವನ್ನು ಬರಮಾಡಿಕೊಳ್ಳಲು ಸಿದ್ಧವಾಗುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರವೇ ರಕ್ತದೊಂದಿಗೆ ಕಳಚಿ ಹೊರಬೀಳುತ್ತದೆ. ಮುಟ್ಟೆಂದರೆ ಇಷ್ಟೇ. ಇದು ಕೆಟ್ಟ ರಕ್ತವಲ್ಲ, ಮೈಲಿಗೆಯಲ್ಲ, ಶರೀರ ಹೊರಹಾಕುವ ವಿಷವೂ ಅಲ್ಲ.

ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 21ರಿಂದ 35 ದಿನಗಳ ಅಂತರವಿದ್ದರೆ ಅದು ಸಹಜ. ಎರಡರಿಂದ ಏಳು ದಿನಗಳವರೆಗೆ ಸ್ರಾವವಾಗಬಹುದು. ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. 80ನ್ನು ಮೀರಿದರೆ ಅಧಿಕ ಸ್ರಾವವೆಂದು ಪರಿಗಣಿಸಲಾಗುತ್ತದೆ. ರಕ್ತವನ್ನು ಅಳೆದು ನೋಡುವವರಾರು ಎಂದು ಓದುಗರು ಕೇಳಬಹುದು. ಒಂದೆರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾಗುವುದು, ರಾತ್ರಿ ನಿದ್ದೆಯಿಂದ ಎದ್ದು ಬದಲಿಸಬೇಕಾಗುವುದು, ದೊಡ್ಡ ಹೆಪ್ಪುಗಳು ಬೀಳುವುದು, ಇವು ಅಧಿಕ ಸ್ರಾವದ ಗುರುತುಗಳು.

ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು

ಅಧಿಕ ಸ್ರಾವವನ್ನು ಹೆಣ್ಣಿನ ಪಾಡು ಎಂದು ಸಹಿಸಿಕೊಂಡು ಬಂದರೆ ರಕ್ತಹೀನತೆ ಉಂಟಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಶೇಕಡ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿರುವರು. ಇದಕ್ಕೆ ಆಹಾರದ ಕೊರತೆಯೊಂದೇ ಕಾರಣವಲ್ಲ. ಗರ್ಭಕೋಶದ ಗೋಡೆಯಲ್ಲಿ ಬೆಳೆಯುವ ಗಡ್ಡೆಗಳಿಂದಲೂ ಅಧಿಕ ಸ್ರಾವವಾಗುವುದುಂಟು. ಈ ಗಡ್ಡೆಗಳು ಬಹುತೇಕ ಎಲ್ಲವೂ ಕ್ಯಾನ್ಸರ್ ಅಲ್ಲದವು. ತೊಂದರೆ ಕೊಡದ ಗಡ್ಡೆಯನ್ನು ಹಾಗೆಯೇ ಬಿಡಬಹುದು.

ಬಿಳಿಸೆರಗಿನ ವಿಷಯದಲ್ಲಿ ಇರುವಷ್ಟು ಭಯ ಮತ್ತು ತಪ್ಪು ತಿಳಿವಳಿಕೆ ಇನ್ನಾವುದರಲ್ಲಿಯೂ ಇಲ್ಲವೆನ್ನಬಹುದು. ಯೋನಿಮಾರ್ಗದಲ್ಲಿ ವಾಸಿಸುವ ಉಪಯುಕ್ತ ಸೂಕ್ಷ್ಮಜೀವಿಗಳು, ಮೊಸರನ್ನು ಹೆಪ್ಪುಗಟ್ಟಿಸುವ ಜೀವಿಗಳ ಕುಲಕ್ಕೆ ಸೇರಿದವು, ಅಲ್ಲಿ ಹುಳಿಯಂಶವನ್ನು ಉಂಟುಮಾಡಿ ಸೋಂಕನ್ನು ತಡೆಯುತ್ತವೆ. ವಾಸನೆಯಿಲ್ಲದ, ತೆಳುವಾದ, ತಿಂಗಳಿನ ನಡುವೆ ತುಸು ಹೆಚ್ಚಾಗುವ ಬಿಳಿ ಸ್ರಾವವು ಆರೋಗ್ಯದ ಲಕ್ಷಣವೇ ಆಗಿದೆ. ಧಾತು ಕರಗಿ ಹೋಗುತ್ತಿದೆಯೆಂಬ ಮಾತಿಗೆ ಆಧಾರವಿಲ್ಲ. ಆದರೆ ದುರ್ವಾಸನೆ, ತುರಿಕೆ, ಒಡೆದ ಹಾಲಿನಂತಹ ಅಥವಾ ಹಳದಿ, ಹಸಿರು ಬಣ್ಣದ ಸ್ರಾವ ಕಂಡುಬಂದರೆ ಅದು ಸೋಂಕು, ಚಿಕಿತ್ಸೆ ಸುಲಭ. ಲೈಂಗಿಕ ಸಂಪರ್ಕದಿಂದ ಬರುವ ಸೋಂಕಾದಲ್ಲಿ ಪತಿಗೂ ಚಿಕಿತ್ಸೆಯಾಗತಕ್ಕದ್ದು; ಇಲ್ಲವಾದರೆ ಅದು ಮತ್ತೆ ಮರಳುತ್ತದೆ. ಒಳಭಾಗವನ್ನು ಸೋಪಿನಿಂದಾಗಲೀ ಔಷಧದ ನೀರಿನಿಂದಾಗಲೀ ತೊಳೆಯುವುದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ.

ಮುಂಬಯಿಯ ಜೀವನಕ್ರಮಕ್ಕೇ ಸಂಬಂಧಪಟ್ಟ ತೊಂದರೆಗಳೂ ಕೆಲವುಂಟು. 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೋರಿವಲಿಗಳ ನಡುವೆ ಮಹಿಳೆಯರಿಗಾಗಿಯೇ ಪ್ರತ್ಯೇಕ ಉಪನಗರ ರೈಲು ಆರಂಭವಾಯಿತು. ದುಡಿಯುವ ಹೆಣ್ಣುಮಕ್ಕಳ ಸಂಖ್ಯೆ ಅಷ್ಟು ಹೆಚ್ಚಿತ್ತು. ಆದರೆ ಅವರಿಗೆ ದಾರಿಯಲ್ಲಿ ಶೌಚಾಲಯದ ಸೌಲಭ್ಯವಿದೆಯೇ ಎಂಬ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎತ್ತಲು ಇನ್ನೂ ಎರಡು ದಶಕಗಳೇ ಬೇಕಾದವು. 2011ರಲ್ಲಿ ಮಹಿಳಾ ಸಂಘಟನೆಗಳು ನಗರದಲ್ಲಿ ಇದಕ್ಕಾಗಿ ಚಳವಳಿ ಆರಂಭಿಸಿದವು. ಹೆಣ್ಣಿನ ಮೂತ್ರನಾಳ ಕೇವಲ ನಾಲ್ಕು ಸೆಂಟಿಮೀಟರ್ ಉದ್ದದ್ದಾದುದರಿಂದ ಸೋಂಕು ಬೇಗನೆ ಒಳಸೇರುತ್ತದೆ. ನೀರು ಕುಡಿಯದೆ, ಮೂತ್ರವನ್ನು ತಡೆದು ದಿನಗಳೆಯುವುದರಿಂದ ಅದು ಉಲ್ಬಣಿಸುತ್ತದೆ. ಚಾಳಿನ ಹತ್ತಡಿ ಕೋಣೆಯಲ್ಲಿ ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಹರಡುವ ಜಾಗವೆಲ್ಲಿ? ಮಂಚದ ಕೆಳಗೆ, ಇತರ ಬಟ್ಟೆಗಳ ಮರೆಯಲ್ಲಿ ಒಣಗಿಸಿದ ಬಟ್ಟೆ ತೇವ ಆರದೆ ಸೋಂಕಿಗೆ ಕಾರಣವಾಗಬಹುದು. ಬಟ್ಟೆಯನ್ನೇ ಬಳಸುವುದಾದರೆ ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಮೇಲೊಂದು ತೆಳು ವಸ್ತ್ರವನ್ನು ಹೊದಿಸಿದರೂ ಬಿಸಿಲು ತನ್ನ ಕೆಲಸವನ್ನು ಮಾಡುತ್ತದೆ.

ಮಕ್ಕಳಾಗದ ದಂಪತಿಗಳಲ್ಲಿ ದೋಷವನ್ನು ಹೆಣ್ಣಿನ ಮೇಲೆಯೇ ಹೊರಿಸುವ ವಾಡಿಕೆ ಇನ್ನೂ ಹೋಗಿಲ್ಲ. ಕಾರಣ ಪುರುಷನಲ್ಲಿಯೂ ಇರಬಹುದು. ಆತನ ಪರೀಕ್ಷೆ ಸರಳವಾದುದರಿಂದ ಅದನ್ನೇ ಮೊದಲು ಮಾಡಿಸುವುದು ಉಚಿತ. ನಮ್ಮ ದೇಶದಲ್ಲಿ ಕ್ಷಯರೋಗದಿಂದ ಅಂಡನಾಳಗಳು ಮುಚ್ಚಿಹೋಗುವ ಪ್ರಸಂಗಗಳೂ ಇವೆ. ಹೊರಗೆ ಅಂಡಾಣುವನ್ನು ಫಲಿಸಿ ಗರ್ಭಕೋಶಕ್ಕೆ ಸೇರಿಸುವ ವಿಧಾನದಿಂದ 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಒಂದು ಹೆಣ್ಣು ಶಿಶು ಜನಿಸಿತು. ಡಾ. ಇಂದಿರಾ ಹಿಂದುಜಾ ಹಾಗೂ ಡಾ. ಟಿ.ಸಿ. ಆನಂದಕುಮಾರ್ ಅವರ ಪ್ರಯತ್ನದ ಫಲವಿದು. ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿಯವರು 1978ರಲ್ಲಿಯೇ ಇದನ್ನು ಸಾಧಿಸಿದ್ದರೆಂದು ಮುಂದೆ ಸ್ವತಃ ಆನಂದಕುಮಾರ್ ಅವರೇ ಒಪ್ಪಿ ಬರೆದದ್ದು ಅವರ ದೊಡ್ಡತನ.

ಗರ್ಭಕೋಶವನ್ನು ತೆಗೆಸಿಹಾಕುವ ಶಸ್ತ್ರಚಿಕಿತ್ಸೆಯ ಬಗೆಗೆ ಎಚ್ಚರದ ಮಾತೊಂದನ್ನು ಹೇಳಬೇಕಾಗಿದೆ. ಮಕ್ಕಳಾದ ಮೇಲೆ ಆ ಚೀಲದಿಂದ ಏನು ಪ್ರಯೋಜನ, ಇದ್ದರೆ ಕ್ಯಾನ್ಸರ್ ಆದೀತು ಎಂದು ಹೆದರಿಸಿದಾಗ ಬಡ ಹೆಣ್ಣುಮಕ್ಕಳು ಸಾಲ ಮಾಡಿ ಈ ಚಿಕಿತ್ಸೆಗೆ ಒಳಗಾಗುವುದುಂಟು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಕೂಲಿ ಮಹಿಳೆಯರಲ್ಲಿ ಎಳೆಯ ವಯಸ್ಸಿನವರು ಕೂಡ ದೊಡ್ಡ ಸಂಖ್ಯೆಯಲ್ಲಿ ಗರ್ಭಕೋಶ ಕಳೆದುಕೊಂಡಿರುವ ವಿಷಯ 2019ರಲ್ಲಿ ಬೆಳಕಿಗೆ ಬಂದು, ರಾಜ್ಯ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಅಂಡಾಶಯಗಳನ್ನೂ ಜೊತೆಗೆ ತೆಗೆದುಬಿಟ್ಟರೆ ಮುಟ್ಟು ಅಕಾಲದಲ್ಲಿ ನಿಂತು ಎಲುಬುಗಳು ಸವೆಯತೊಡಗುತ್ತವೆ. ಪ್ರಾಣಾಪಾಯದ ಸಂದರ್ಭವೊಂದನ್ನು ಬಿಟ್ಟು, ಇಂತಹ ಸಲಹೆ ದೊರೆತಾಗ ಸರ್ಕಾರಿ ಅಥವಾ ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯದೆ ಮುಂದುವರಿಯಬಾರದು. ಭಯಕ್ಕೆ ಉತ್ತರ ಶಸ್ತ್ರಚಿಕಿತ್ಸೆಯಲ್ಲ, ಪರೀಕ್ಷೆ.

ಪರೀಕ್ಷೆಗೆ ಅಡ್ಡಿಯಾದ ಸಂಕೋಚ

ಈ ಸಂಕೋಚ ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಮುಂಬಯಿಯಲ್ಲಿ ಅನೇಕ ಹೆಣ್ಣುಮಕ್ಕಳು ಪುರುಷ ವೈದ್ಯರಿಂದ ಪರೀಕ್ಷೆಗೊಳಗಾಗುವುದಕ್ಕಿಂತ ಸಾವನ್ನೇ ಒಪ್ಪುತ್ತಿದ್ದರು. ಇದನ್ನು ಕಂಡ ಜಾರ್ಜ್ ಕಿಟ್ರೆಡ್ಜ್ ಎಂಬ ಅಮೆರಿಕನ್ ವ್ಯಾಪಾರಿ ಮತ್ತು ಸೊರಾಬ್ಜಿ ಶಾಪುರ್ಜಿ ಬೆಂಗಾಲಿ ಎಂಬ ಪಾರ್ಸಿ ಸಮಾಜ ಸುಧಾರಕರು ಚಂದಾ ಸಂಗ್ರಹಿಸಿ ಇಂಗ್ಲೆಂಡಿನಿಂದ ಮಹಿಳಾ ವೈದ್ಯರನ್ನು ಕರೆಸಿಕೊಂಡರು. 1883ರಲ್ಲಿ ಡಾ. ಎಡಿತ್ ಪೀಚಿ ಬಂದರು. ಪೆಸ್ಟನ್‌ಜಿ ಹೊರ್ಮಸ್‌ಜಿ ಕಾಮಾ ಅವರ ದಾನದಿಂದ ನಿರ್ಮಾಣಗೊಂಡು 1886ರಲ್ಲಿ ತೆರೆದ ಕಾಮಾ ಆಸ್ಪತ್ರೆಯನ್ನು ಮಹಿಳಾ ವೈದ್ಯರೇ ನಡೆಸಿಕೊಂಡು ಬಂದರು. ಮಹಿಳೆಯರು ಆಸ್ಪತ್ರೆಗೆ ಬರುವುದಿಲ್ಲವೆಂದು ದೂರುವ ಬದಲು ಅವರು ಬರುವಂತಹ ಆಸ್ಪತ್ರೆಯನ್ನು ಕಟ್ಟಿದ ಜನ ಅವರು.

ನೂರು ವರ್ಷಗಳ ನಂತರವೂ ಪರಿಸ್ಥಿತಿ ಎಷ್ಟು ಸುಧಾರಿಸಿತ್ತು? ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ್ ಬಂಗ್ ಅವರು 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿಯಂತೆ ಶೇಕಡ 92 ಮಂದಿಗೆ ಜನನಾಂಗಗಳಿಗೆ ಸಂಬಂಧಿಸಿದ ಒಂದಲ್ಲ ಒಂದು ರೋಗವಿತ್ತು. ಅದಕ್ಕೆ ಮುನ್ನ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇಕಡ 8 ಮಂದಿ ಮಾತ್ರ.

ಗರ್ಭಕಂಠದ ಕ್ಯಾನ್ಸರ್ ಹೇಗೆ ಬರುತ್ತದೆ

ಗರ್ಭಕಂಠದ ಮೇಲೆ ಎರಡು ಬಗೆಯ ಪದರಗಳು ಸಂಧಿಸುವ ಒಂದು ವಲಯವಿದೆ. ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ಸು ಇಲ್ಲಿಯೇ ಸುಲಭವಾಗಿ ನೆಲೆಯೂರುತ್ತದೆ. ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ ಅವರು ಈ ವೈರಸ್ಸಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿ 2008ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ಸು ವಿವಾಹಿತ ಸ್ತ್ರೀ ಪುರುಷರಲ್ಲಿ ಬಹುಪಾಲು ಮಂದಿಗೆ ಎಂದಾದರೊಮ್ಮೆ ತಗಲುವುದೇ ಆಗಿದೆ; ಆದ್ದರಿಂದ ಇದನ್ನು ನಡತೆಯ ದೋಷವೆಂದು ಭಾವಿಸುವುದು ಅನ್ಯಾಯ. ಹತ್ತರಲ್ಲಿ ಒಂಬತ್ತು ಪಾಲು ಪ್ರಸಂಗಗಳಲ್ಲಿ ಶರೀರವೇ ಅದನ್ನು ಒಂದೆರಡು ವರ್ಷಗಳಲ್ಲಿ ಹೊರಹಾಕುತ್ತದೆ. ಹೋಗದೆ ಉಳಿದುಕೊಂಡ ಕೆಲವರಲ್ಲಿ ಆ ವಲಯದ ಜೀವಕೋಶಗಳು ನಿಧಾನವಾಗಿ ವಿಕಾರಗೊಳ್ಳುತ್ತವೆ. ಈ ನಿಧಾನಗತಿಯೇ ನಮಗೆ ದೊರೆತಿರುವ ಅವಕಾಶ. ಇಷ್ಟು ದೀರ್ಘವಾದ ಮುನ್ಸೂಚನೆಯ ಕಾಲವನ್ನು ಕೊಡುವ ಕ್ಯಾನ್ಸರುಗಳು ಹೆಚ್ಚಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಪ್ಯಾಪ್ ಪರೀಕ್ಷೆಯಿಂದ, ಅಂದರೆ ಗರ್ಭಕಂಠದಿಂದ ಕೆರೆದು ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮದಿಂದ, ಈ ರೋಗದ ಸಾವುಗಳು ಬಹಳ ಕಡಿಮೆಯಾದವು. ಆದರೆ ಅದಕ್ಕೆ ಪ್ರಯೋಗಶಾಲೆ ಬೇಕು, ತರಬೇತಿ ಪಡೆದ ತಜ್ಞರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಫಲಿತಾಂಶ ಬಂದ ಮೇಲೆ ಮಹಿಳೆ ಮತ್ತೊಮ್ಮೆ ಬರಬೇಕು. ದಿನಗೂಲಿ ಕಳೆದುಕೊಂಡು ಎರಡನೆಯ ಸಲ ಬರುವವರು ಕಡಿಮೆ.

ಮುಂಬಯಿಯ ಪ್ರಯೋಗ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು 1998ರಲ್ಲಿ ಬೇರೊಂದು ದಾರಿ ಹಿಡಿದರು. ಶೇಕಡ 4ರ ಅಸಿಟಿಕ್ ಆಮ್ಲವನ್ನು, ಅಂದರೆ ಅಡಿಗೆಯ ವಿನೆಗರಿನಂತಹ ದ್ರಾವಣವನ್ನು, ಹತ್ತಿಯಿಂದ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾಯುವುದು. ಬಳಿಕ ದೀಪದ ಬೆಳಕಿನಲ್ಲಿ ಬರಿಗಣ್ಣಿನಿಂದ ನೋಡುವುದು. ವಿಕಾರಗೊಂಡ ಜೀವಕೋಶಗಳಲ್ಲಿ ಪ್ರೋಟೀನಿನ ಅಂಶ ಹೆಚ್ಚಿರುವುದರಿಂದ ಅವು ಆಮ್ಲ ತಗಲಿದೊಡನೆ ಬೆಳ್ಳಗೆ ತೋರುತ್ತವೆ. ಆರೋಗ್ಯವಂತ ಭಾಗ ಗುಲಾಬಿ ಬಣ್ಣದಲ್ಲಿಯೇ ಇರುತ್ತದೆ. ಪ್ರಯೋಗಶಾಲೆ ಬೇಡ, ಫಲಿತಾಂಶ ಅಲ್ಲಿಯೇ, ಆಗಲೇ ತಿಳಿಯುತ್ತದೆ.

ನಗರದ 20 ಕೊಳೆಗೇರಿ ವಲಯಗಳನ್ನು ಆರಿಸಿ ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. 35ರಿಂದ 64 ವರ್ಷದ 75,360 ಮಹಿಳೆಯರನ್ನು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಬಾರಿ ಪರೀಕ್ಷೆಗೆ ಆಹ್ವಾನಿಸಲಾಯಿತು. ಹೋಲಿಕೆಯ ಗುಂಪಿನ 76,178 ಮಹಿಳೆಯರಿಗೆ ಒಂದು ಬಾರಿ ಆರೋಗ್ಯ ಶಿಕ್ಷಣವನ್ನು ಮಾತ್ರ ನೀಡಲಾಯಿತು. ಪರೀಕ್ಷೆ ಮಾಡಿದವರು ವೈದ್ಯರಲ್ಲವೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಹತ್ತನೆಯ ತರಗತಿಯವರೆಗೆ ಓದಿದ ಮಹಿಳೆಯರಿಗೆ ನಾಲ್ಕು ವಾರಗಳ ತರಬೇತಿ ಕೊಟ್ಟು ಈ ಕೆಲಸಕ್ಕೆ ಸಿದ್ಧಪಡಿಸಲಾಗಿತ್ತು. ಅವರು ಮನೆಮನೆಗೂ ಹೋದರು, ಬಡಾವಣೆಯ ಹಿರಿಯರನ್ನು ಕಂಡು ಮಾತನಾಡಿದರು. ಪರೀಕ್ಷೆಯ ಏರ್ಪಾಡು ದೂರದ ಆಸ್ಪತ್ರೆಯಲ್ಲಿ ಅಲ್ಲದೆ ವಸತಿಯ ಸಮೀಪದಲ್ಲಿಯೇ ಆಯಿತು. ಬೆಳ್ಳಗೆ ಕಂಡವರನ್ನು ಟಾಟಾ ಆಸ್ಪತ್ರೆಗೆ ಕಳುಹಿಸಿ ಮುಂದಿನ ತಪಾಸಣೆ ಹಾಗೂ ಚಿಕಿತ್ಸೆ ಮಾಡಲಾಯಿತು. ಆಹ್ವಾನಿತರಲ್ಲಿ ಶೇಕಡ 89 ಮಂದಿ ಪರೀಕ್ಷೆಗೆ ಬಂದರು. ಹೆಣ್ಣುಮಕ್ಕಳು ಸಂಕೋಚದಿಂದ ಬರುವುದಿಲ್ಲವೆಂದು ಹೇಳುವವರು ಈ ಅಂಕಿಯನ್ನು ನೆನಪಿಡಬೇಕು. ಬಾಗಿಲಿಗೆ ಬಂದು ಕರೆದವಳು ತಮ್ಮಂತೆಯೇ ಒಬ್ಬ ಹೆಣ್ಣು, ಪರೀಕ್ಷೆ ಮಾಡುವವಳೂ ಹೆಣ್ಣು, ದಿನದ ಕೂಲಿ ಕಳೆಯುವುದಿಲ್ಲ ಎಂದಾದಾಗ ಸಂಕೋಚ ಬಹುಮಟ್ಟಿಗೆ ತಾನಾಗಿಯೇ ಸಡಿಲವಾಯಿತು.

ಹನ್ನೆರಡು ವರ್ಷಗಳ ಅನುಸರಣೆಯ ನಂತರದ ಫಲಿತಾಂಶವನ್ನು ಡಾ. ಸುರೇಂದ್ರ ಶಾಸ್ತ್ರಿಯವರು 2013ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ವಾರ್ಷಿಕ ಸಮ್ಮೇಳನದಲ್ಲಿ ಮಂಡಿಸಿದರು. ರೋಗ ಪತ್ತೆಯಾದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಈ ಕ್ಯಾನ್ಸರಿನಿಂದಾದ ಸಾವುಗಳ ಪ್ರಮಾಣ ಹೋಲಿಕೆಯ ಗುಂಪಿನಲ್ಲಿ ವರ್ಷಕ್ಕೆ ಲಕ್ಷಕ್ಕೆ 16.2 ಇದ್ದರೆ, ಪರೀಕ್ಷೆಯಾದ ಗುಂಪಿನಲ್ಲಿ 11.1 ಮಾತ್ರ ಇತ್ತು. ಅಂದರೆ ಸಾವುಗಳು ಶೇಕಡ 31ರಷ್ಟು ಕಡಿಮೆಯಾದವು. ಈ ಕ್ರಮವನ್ನು ದೇಶದಾದ್ಯಂತ ಜಾರಿಗೆ ತಂದರೆ ವರ್ಷಕ್ಕೆ 22 ಸಾವಿರ ಸಾವುಗಳನ್ನು ತಡೆಯಬಹುದೆಂದು ಅವರು ಅಂದಾಜು ಮಾಡಿದರು.

ಹೋಲಿಕೆಯ ಗುಂಪಿನ ಮಹಿಳೆಯರನ್ನು ಅಷ್ಟು ವರ್ಷ ಪರೀಕ್ಷೆಯಿಲ್ಲದೆ ಬಿಟ್ಟದ್ದು ನ್ಯಾಯವೇ ಎಂಬ ಆಕ್ಷೇಪಣೆ ಎದ್ದಿತು. ಆ ಕಾಲದಲ್ಲಿ ದೇಶದಲ್ಲಿ ಇಂತಹ ಪರೀಕ್ಷೆಯ ವ್ಯವಸ್ಥೆಯೇ ಇರಲಿಲ್ಲವೆಂದೂ, ಹೊಸ ವಿಧಾನದಿಂದ ಪ್ರಾಣ ಉಳಿಯುವುದೋ ಇಲ್ಲವೋ ಎಂಬುದು ಹೋಲಿಕೆಯಿಲ್ಲದೆ ತಿಳಿಯುತ್ತಿರಲಿಲ್ಲವೆಂದೂ ಪ್ರಯೋಗ ನಡೆಸಿದವರು ಉತ್ತರಿಸಿದರು. ಎರಡೂ ಮಾತುಗಳಲ್ಲಿ ಹುರುಳಿದೆ. ಏನೇ ಇರಲಿ, ಈ ತಿಳಿವಳಿಕೆ ನಮಗೆ ದೊರೆತದ್ದು ಎರಡೂ ಗುಂಪುಗಳ ಒಂದೂವರೆ ಲಕ್ಷ ಬಡ ಮಹಿಳೆಯರಿಂದ ಎಂಬುದನ್ನು ಮರೆಯಲಾಗದು.

ಇದೇ ಕಾರ್ಯಕರ್ತೆಯರು ಸ್ತನಗಳನ್ನೂ ಕೈಯಿಂದ ಪರೀಕ್ಷಿಸುತ್ತಿದ್ದರು. 2021ರಲ್ಲಿ ಪ್ರಕಟವಾದ ವರದಿಯಂತೆ 50 ದಾಟಿದ ಮಹಿಳೆಯರಲ್ಲಿ ಇದರಿಂದ ಸ್ತನ ಕ್ಯಾನ್ಸರಿನ ಸಾವುಗಳು ಸುಮಾರು ಶೇಕಡ 30ರಷ್ಟು ಕಡಿಮೆಯಾದವು.

ಕರ್ನಾಟಕದ ಗಡಿಗೆ ಸಮೀಪದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ, 1,31,746 ಮಹಿಳೆಯರನ್ನು ಒಳಗೊಂಡ ಮತ್ತೊಂದು ಅಧ್ಯಯನ ನಡೆಯಿತು. ಅಲ್ಲಿ ವೈರಸ್ಸನ್ನೇ ಪತ್ತೆಮಾಡುವ ಪರೀಕ್ಷೆಯನ್ನು ಕೇವಲ ಒಂದು ಬಾರಿ ಮಾಡಿದ್ದರಿಂದಲೇ ಎಂಟು ವರ್ಷಗಳಲ್ಲಿ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವೆಂದು 2009ರ ವರದಿ ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಈ ವೈರಸ್ ಪರೀಕ್ಷೆಗೇ ಆದ್ಯತೆ ನೀಡಿದೆ. ಇದಕ್ಕೆ ಬೇಕಾದ ಮಾದರಿಯನ್ನು ಮಹಿಳೆ ತಾನೇ ಮರೆಯಲ್ಲಿ ತೆಗೆದುಕೊಡಬಹುದು. ಆದರೆ ವೆಚ್ಚ ಹೆಚ್ಚು. ದುಬಾರಿಯಾದ ಪರೀಕ್ಷೆಗಾಗಿ ಕಾಯುತ್ತ ಅಗ್ಗದ ಪರೀಕ್ಷೆಯನ್ನೂ ಮಾಡಿಸದೆ ಇರುವುದು ಜಾಣತನವಲ್ಲ.

ಯಾರು, ಯಾವಾಗ, ಎಲ್ಲಿ

ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಪ್ರತಿ ಮಹಿಳೆಯೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ಒಳಗಾಗತಕ್ಕದ್ದು. ಮುಟ್ಟು ನಿಂತವರಲ್ಲಿ ಆ ಸಂಧಿವಲಯವು ಒಳಸರಿಯುವುದರಿಂದ ಬರಿಗಣ್ಣಿನ ಪರೀಕ್ಷೆಯಲ್ಲಿ ಸರಿಯಾಗಿ ಕಾಣದಿರಬಹುದು. ಅಂತಹವರಿಗೆ ವೈದ್ಯರು ಪ್ಯಾಪ್ ಅಥವಾ ವೈರಸ್ ಪರೀಕ್ಷೆಯನ್ನು ಸೂಚಿಸುವರು. ಸಂಭೋಗದ ತರುವಾಯ ರಕ್ತ ಕಂಡರೆ, ಎರಡು ಮುಟ್ಟುಗಳ ನಡುವೆ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಐದು ವರ್ಷದ ಲೆಕ್ಕ ಹಾಕದೆ ಕೂಡಲೇ ವೈದ್ಯರನ್ನು ಕಾಣಬೇಕು.

ಲಸಿಕೆಯೂ ಈಗ ಲಭ್ಯವಿದೆ. ವೈರಸ್ಸು ತಗಲುವುದಕ್ಕೆ ಮೊದಲೇ, ಅಂದರೆ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಟ್ಟರೆ ಅದರ ಪ್ರಯೋಜನ ಹೆಚ್ಚು. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ದೇಶೀಯ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು. ಮಗಳಿಗೆ ಲಸಿಕೆ ಹಾಕಿಸುವ ತಾಯಿ ತನ್ನ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿಕೊಳ್ಳಬಹುದಲ್ಲವೇ? ಲಸಿಕೆ ಪಡೆದ ಮಗಳಿಗೂ ಮುಂದೆ ಮೂವತ್ತನೆಯ ವಯಸ್ಸಿನಿಂದ ಪರೀಕ್ಷೆ ಬೇಕೇ ಬೇಕು. ಲಸಿಕೆಯು ಈ ವೈರಸ್ಸಿನ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ.

ಮುಂಬಯಿ ನಗರ ಹಾಗೂ ಉಪನಗರಗಳಲ್ಲಿ ಇರುವವರು ಮೊದಲು ಸಮೀಪದ ಮಹಾನಗರಪಾಲಿಕೆಯ ದವಾಖಾನೆ ಅಥವಾ ಪ್ರಸೂತಿಗೃಹದಲ್ಲಿ ವಿಚಾರಿಸಬೇಕು. ಪರೇಲಿನ ಕೆ.ಇ.ಎಂ. ಮತ್ತು ವಾಡಿಯಾ, ಸಾಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್, ವಿಲೆಪಾರ್ಲೆಯ ಕೂಪರ್ ಹಾಗೂ ಮೇಲೆ ಹೇಳಿದ ಕಾಮಾ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗಗಳಿವೆ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗುವುದು ಸೂಕ್ತ. ಅದಕ್ಕೆ ಎರಡು ದಿನ ಮುಂಚಿನಿಂದ ಯೋನಿಯೊಳಗೆ ಯಾವ ಔಷಧವನ್ನೂ ಇಡಬಾರದು. ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು. ನೋವು ಇರುವುದಿಲ್ಲ, ಆಮ್ಲ ಸವರಿದಾಗ ಸ್ವಲ್ಪ ಉರಿ ಎನಿಸಬಹುದು. ಒಬ್ಬಳೇ ಹೋಗಲು ಹಿಂಜರಿಯುವವರು ಅಕ್ಕನನ್ನೋ ನೆರೆಯವಳನ್ನೋ ಜೊತೆಗೆ ಕರೆದೊಯ್ಯಬಹುದು. ಮಹಿಳಾ ವೈದ್ಯರೇ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ.

ಬೆಳ್ಳಗಿನ ಭಾಗ ಕಂಡುಬಂದಿತೆಂದರೆ ಕ್ಯಾನ್ಸರ್ ಬಂದಿದೆಯೆಂದು ಅರ್ಥವಲ್ಲ. ಅಂತಹವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಕೆಲವರಿಗೆ ಚಿಕಿತ್ಸೆಯಿಂದ ನಿವಾರಿಸಬಹುದಾದ ಪೂರ್ವಸ್ಥಿತಿ ಇರುತ್ತದೆ. ಆ ಭಾಗವನ್ನು ಅತಿಶೈತ್ಯದಿಂದ ಅಥವಾ ಶಾಖದಿಂದ ನಾಶಮಾಡುವ ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಅದೇ ದಿನ ಮನೆಗೆ ಹಿಂದಿರುಗಬಹುದು. ಅನಂತರ ಮೂರು ನಾಲ್ಕು ವಾರ ನೀರಿನಂತಹ ಸ್ರಾವವಿರುತ್ತದೆ; ಆ ಅವಧಿಯಲ್ಲಿ ಪತಿಯೊಡನೆ ಸಂಪರ್ಕ ಬೇಡ. ಇದನ್ನು ಪತಿಗೂ ವೈದ್ಯರೇ ತಿಳಿಹೇಳುವಂತೆ ಕೋರಬಹುದು. ಗರ್ಭಕೋಶ ಇದ್ದಲ್ಲಿಯೇ ಇರುತ್ತದೆ, ಮುಟ್ಟು ಎಂದಿನಂತೆ ಬರುತ್ತದೆ. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಪಡಿತರ ಚೀಟಿಯ ಜೊತೆಯಲ್ಲಿ ಜೋಪಾನವಾಗಿ ಇರಿಸಿಕೊಂಡು, ಅದರಲ್ಲಿ ಬರೆದಿರುವ ದಿನಾಂಕಕ್ಕೆ ಮತ್ತೊಮ್ಮೆ ತೋರಿಸತಕ್ಕದ್ದು. ಮನೆ ಬದಲಿಸಿ ಠಾಣೆಗೋ ವಿರಾರಿಗೋ ಹೋದರೂ, ಊರಿಗೆ ಹಿಂದಿರುಗಿದರೂ ಅದೇ ಚೀಟಿಯನ್ನು ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಪರೀಕ್ಷೆಯನ್ನು ಮುಂದುವರಿಸಬಹುದು.